ಐದು ಹಗ್ಗ, ನಾಲ್ಕು ಜನ

ನಾನು ಮಂಗಳೂರಿನ ಒಂದು ಸಣ್ಣ ಗೇಮ್ ಸ್ಟುಡಿಯೋದಲ್ಲಿ ಕೆಲಸ ಮಾಡುತ್ತೇನೆ. "ಮಗ ಕಂಪ್ಯೂಟರ್ ಆಟಕ್ಕೆ ಕಥೆ ಬರೆಯುತ್ತಾನೆ" ಅಂತ ಅಮ್ಮ ನೆಂಟರಿಗೆ ಹೇಳುತ್ತಾರೆ. ಕಾಲು ಭಾಗ ಸರಿ. ಆನ್‌ಲೈನ್ ಫ್ಯಾಂಟಸಿ ಗೇಮಿನೊಳಗೆ ಐದು ಜನ ಸೇರಿ ಆಡುವ ಅರ್ಧ ಗಂಟೆಯ ಸಾಹಸಗಳನ್ನು ಕಟ್ಟುವುದು ನನ್ನ ಕೆಲಸ. ಎಲ್ಲಿ ಶುರು, ದಾರಿಯಲ್ಲಿ ಏನು ಅಡ್ಡ ಬರುತ್ತದೆ, ಯಾರಿಗೆ ಯಾವ ಕೆಲಸ, ಕೊನೆಗೆ ಪೆಟ್ಟಿಗೆಯಲ್ಲಿ ಏನು ಸಿಗುತ್ತದೆ, ಇಷ್ಟು. ಕಥೆ ಬರೆಯುವುದು ಅದರಲ್ಲಿ ಸುಲಭದ ಪಾಲು.

ನನ್ನ ಮೊದಲ ಸಾಹಸ ಹೇಗೆ ಮಣ್ಣುಪಾಲಾಯಿತು ಅಂತ ಹೇಳುತ್ತೇನೆ.

ಒಂದು ಭಾನುವಾರ ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ದೋಣಿಯಲ್ಲಿ ದಾಟುತ್ತಿದ್ದೆ. ಹಿಂದೆ ಕಪ್ಪು ಕಲ್ಲಿನ ಕಾವಲು ಗೋಪುರ, ಕೆಳಗೆ ಗುರುಪುರ ನದಿ, ಸ್ವಲ್ಪ ದೂರದಲ್ಲಿ ಅಳಿವೆ. ಭರತ, ಅಂದರೆ ಸಮುದ್ರದ ಉಬ್ಬರ, ಬಂದಾಗ ಮುಳುಗುವ ಒಂದು ಕೋಟೆ ಇದ್ದರೆ ಹೇಗೆ ಅಂತ ಅಲ್ಲೇ ಹೊಳೆಯಿತು. ತೆರೆಯ ಮೂಲೆಯಲ್ಲಿ ಗಡಿಯಾರ ತೋರಿಸುವುದೇ ಬೇಡ. ನೀರೇ ಗಡಿಯಾರ. ಮೊದಲು ಪಾದ, ಆಮೇಲೆ ಮೊಣಕಾಲು, ಆಮೇಲೆ ಸೊಂಟ. ಆಡುವವನಿಗೆ ಹೊತ್ತಾಯಿತು ಅಂತ ಬೇರೆ ಹೇಳಬೇಕಾ?

ಇದು ಚೆನ್ನಾಗಿಯೇ ಇತ್ತು, ಈಗಲೂ ಹಾಗೇ ಉಂಟು. ತಪ್ಪಾದದ್ದು ಬಾಗಿಲಲ್ಲಿ.

ಗುಂಪಿನ ಆಟಗಳಲ್ಲಿ ಒಂದು ಹಳೇ ಏರ್ಪಾಡು ಇದೆ. ಒಬ್ಬ ಟ್ಯಾಂಕ್, ಅಂದರೆ ಶತ್ರುವಿನ ಪೆಟ್ಟನ್ನೆಲ್ಲ ತನ್ನ ಮೇಲೆ ಎಳೆದುಕೊಳ್ಳುವವನು. ಒಬ್ಬ ಹೀಲರ್, ಗಾಯ ವಾಸಿ ಮಾಡುವವನು. ಉಳಿದವರು ಹೊಡೆಯುವವರು. ಕಾದಾಟಕ್ಕೆ ಇದು ಸಾಕು. ಆದರೆ ಕಾದಾಟ ಇಲ್ಲದ ಕಡೆ ಏನಾಗುತ್ತದೆ ಅಂದರೆ, ಚುರುಕಾದ ಒಬ್ಬ ಮುಂದೆ ಓಡಿ ಒಗಟು ಬಿಡಿಸುತ್ತಾನೆ, ಇನ್ನೊಬ್ಬ ಅವನ ಹಿಂದೆ ಓಡುತ್ತಾನೆ, ಉಳಿದ ಮೂವರು ಎಲ್ಲೋ ಮೆಟ್ಟಿಲ ಮೇಲೆ ಕುಪ್ಪಳಿಸಿಕೊಂಡು ಇರುತ್ತಾರೆ. ನಮ್ಮ ಹಳೇ ಸಾಹಸಗಳ ಬಗ್ಗೆ ಬಂದ ದೂರೆಲ್ಲ ಇದೇ. ಅದಕ್ಕೆ ನಾನು ಜಾಣ ಉಪಾಯ ಮಾಡಿದೆ. ಕೋಟೆಯ ದೊಡ್ಡ ಬಾಗಿಲು ಮೇಲೆ ಏಳಬೇಕಾದರೆ ಐದು ಹಗ್ಗಗಳನ್ನು ಐದು ಜನ ಒಂದೇ ಹೊತ್ತಿಗೆ ಎಳೆಯಬೇಕು. ಯಾರೂ ಸುಮ್ನೆ ನಿಲ್ಲುವ ಹಾಗಿಲ್ಲ. ಎಲ್ಲರೂ ಬೇಕೇ ಬೇಕು. ಮೀಟಿಂಗ್‌ನಲ್ಲಿ ಇದನ್ನು ಹೇಳಿದಾಗ ಎಲ್ಲರೂ ತಲೆಯಾಡಿಸಿದರು. ನನಗೂ ಒಳಗೊಳಗೇ ಖುಷಿ.

ಟೆಸ್ಟ್ ಮಾಡಿದ್ದು ಜುಲೈಯಲ್ಲಿ. ಕರಾವಳಿಯವರಿಗೆ ಮುಂದಿನದ್ದು ಹೇಳಬೇಕಾಗಿಲ್ಲ.

ಐದು ಜನ ಅವರವರ ಮನೆಯಿಂದ ಆಡುತ್ತಿದ್ದರು. ನಾನು ಆಫೀಸಿನಲ್ಲಿ ಕೂತು ನೋಡುತ್ತಿದ್ದೆ. ಹದಿನೆಂಟು ನಿಮಿಷ ಚೆನ್ನಾಗಿ ನಡೆಯಿತು. ನೀರು ಮೊಣಕಾಲಿಗೆ ಬಂದಿತ್ತು, ಐವರೂ ಬಾಗಿಲ ಹತ್ತಿರ ಸೇರಿದ್ದರು. ಆಗ ಬಂಟ್ವಾಳ ಕಡೆಯ ಹುಡುಗನ ಮನೆ ಹತ್ತಿರ ಮರ ಬಿದ್ದು ಕರೆಂಟ್ ಹೋಯಿತು. ತೆರೆಯ ಮೇಲೆ ಅವನ ಗೊಂಬೆ ಎರಡು ಕ್ಷಣ ನಿಂತಲ್ಲೇ ನಿಂತು ಮಾಯವಾಯಿತು. ಉಳಿದ ನಾಲ್ವರು ಹಗ್ಗ ಹಿಡಿದು ನಿಂತರು. ಬಾಗಿಲು ಏಳಲಿಲ್ಲ. ನೀರು ಏರಿತು. ಹಿಂದೆ ಹೋಗಲು ದಾರಿಯನ್ನು ನಾನೇ ಮುಚ್ಚಿದ್ದೆ, ರೋಚಕ ಆಗಲಿ ಅಂತ. ನಾಲ್ವರೂ ಮುಳುಗಿದರು, ಬಾಗಿಲ ಹೊರಗೇ ಮತ್ತೆ ಹುಟ್ಟಿದರು, ಮತ್ತೆ ಮುಳುಗಿದರು. ಹೀಗೆ ಮೂರು ಸಲ.

ಟೆಸ್ಟಿಂಗ್ ನೋಡಿಕೊಳ್ಳುವವರು ನನಗಿಂತ ಹಿರಿಯರು, ನಾನು ಅಕ್ಕ ಅಂತಲೇ ಕರೆಯುವುದು. ಅವರು ಹೆಡ್‌ಫೋನ್ ತೆಗೆದು ಕೇಳಿದರು, "ಇವರು ಇಲ್ಲಿ ನಿಂತು ಎಂತ ಮಾಡುವುದು ಮಾರಾಯಾ? ಮೆಸ್ಕಾಂಗೆ ಫೋನ್ ಮಾಡುವುದಾ?"

ನಾನು ಮೊದಲು ವಾದಿಸಿದೆ. ಒಬ್ಬನ ಮನೆಯಲ್ಲಿ ಕರೆಂಟ್ ಹೋದದ್ದಕ್ಕೆ ಡಿಸೈನ್ ಬದಲಿಸಬೇಕಾ, ಇದು ಅಪರೂಪದ ಸಂಗತಿ ಅಲ್ವಾ ಅಂತ. ಅಕ್ಕ ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದರು. ಅರ್ಧ ಗಂಟೆಯಲ್ಲಿ ಒಬ್ಬ ಆಟಗಾರ ಏನೋ ಕಾರಣಕ್ಕೆ ಬಿಟ್ಟುಹೋಗುವ ಸಾಧ್ಯತೆ ನೂರಕ್ಕೆ 5 ಅಂತ ಇಟ್ಟುಕೊ. ನೆಟ್ ಹೋಗಬಹುದು, ಮಗು ಅಳಬಹುದು, ಯಾರೋ ಬಾಗಿಲು ಬಡಿಯಬಹುದು. ಐದು ಜನರೂ ಕೊನೆತನಕ ಇರುವ ಸಾಧ್ಯತೆ ಆಗ 95 ಅಲ್ಲ, ಸುಮಾರು 77. ಅಂದರೆ ನಾಲ್ಕು ಗುಂಪಿನಲ್ಲಿ ಹತ್ತಿರ ಹತ್ತಿರ ಒಂದು ಗುಂಪು ನನ್ನ ಬಾಗಿಲ ಮುಂದೆ ಮುಳುಗುತ್ತದೆ. ಅದೇ ಲೆಕ್ಕದಲ್ಲಿ 40 ಜನರ ಗುಂಪಾದರೆ ಎಲ್ಲರೂ ಉಳಿಯುವುದು ನೂರಕ್ಕೆ 13 ಸಲ ಮಾತ್ರ. ನಾನು ಸುಮ್ಮನಾದೆ.

2004ರಲ್ಲಿ ಬಂದ ಆನ್‌ಲೈನ್ ಆಟ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ ದೊಡ್ಡ ದಾಳಿಗಳಿಗೆ 40 ಜನ ಬೇಕಿತ್ತು. 2007ರಲ್ಲಿ ಹೊಸ ದಾಳಿಗಳನ್ನು 25 ಮತ್ತು 10 ಜನಕ್ಕೆ ಇಳಿಸಿದರು. 2012ರಲ್ಲಿ ಮೂರೇ ಜನ ಆಡುವ ಪುಟ್ಟ ಸಾಹಸಗಳು ಬಂದವು, ಅವಕ್ಕೆ ಟ್ಯಾಂಕೂ ಬೇಡ, ಹೀಲರೂ ಬೇಡ. ಇಳಿಸಿದ್ದಕ್ಕೆ ಬೇರೆ ಕಾರಣಗಳೂ ಇದ್ದಾವು. ಆದರೆ 40 ಜನರನ್ನು ಒಂದೇ ರಾತ್ರಿ ಒಂದೇ ಕಡೆ ಕೂರಿಸುವುದು ಎಂಥ ತಲೆನೋವು ಅಂತ ನಮ್ಮೂರಲ್ಲಿ ಕ್ರಿಕೆಟ್ ಟೀಮಿಗೆ ಹನ್ನೊಂದು ಜನ ಹುಡುಕಿದವರಿಗೂ ಗೊತ್ತು.

ಈಗ ಸಿಕ್ಕು ಎಲ್ಲಿದೆ ನೋಡಿ. ಪ್ರತಿಯೊಬ್ಬನೂ ಬೇಕು ಅನಿಸಬೇಕು. ಆದರೆ ಯಾರೊಬ್ಬ ಇಲ್ಲದಿದ್ದರೂ ಆಟ ನಿಲ್ಲಬಾರದು. ಎರಡೂ ಒಟ್ಟಿಗೆ ಹೇಗೆ? ನಾನು ಒಂದು ವಾರ ಇದರ ಮೇಲೆಯೇ ಕೂತಿದ್ದೆ. ಮೊದಲು ಹೊಳೆದದ್ದು ಸೋಮಾರಿ ದಾರಿ: ಒಬ್ಬ ಹೋದರೆ ಐದನೇ ಹಗ್ಗ ತಾನೇ ಎಳೆದುಕೊಳ್ಳಲಿ. ಮಾಡಿ ನೋಡಿದೆವು. ಸಪ್ಪೆ. ಅಯ್ಯೋ ಇಷ್ಟೇನಾ, ಹಾಗಾದರೆ ನಾನು ಯಾಕೆ ಎಳೆಯಬೇಕಿತ್ತು ಅಂತ ಆಡಿದವರೇ ಕೇಳಿದರು.

ದಾರಿ ಸಿಕ್ಕಿದ್ದು ಅಕ್ಕನ ಮನೆಯಲ್ಲಿ. ಅವರ ಮಾವ ತೆಂಕುತಿಟ್ಟಿನ ಯಕ್ಷಗಾನ ಮೇಳದಲ್ಲಿ ವೇಷಧಾರಿ. ಪತ್ತನಾಜೆಯ ದಿನ ಕಳೆದು ಮೇಳದ ವರ್ಷದ ತಿರುಗಾಟ ಮುಗಿದಿತ್ತು, ಮನೆಯಲ್ಲೇ ಇದ್ದರು. ಒಬ್ಬ ವೇಷಧಾರಿ ಬರದಿದ್ದರೆ ಏನು ಮಾಡುತ್ತೀರಿ ಅಂತ ಸುಮ್ನೆ ಕೇಳಿದೆ. ಆಟ ನಿಲ್ಲಿಸುವುದುಂಟಾ ಅಂತ ನಕ್ಕರು. ಪ್ರಸಂಗದಲ್ಲಿ ಬರೆದಿಟ್ಟದ್ದು ಪದ್ಯ ಮಾತ್ರ. ಮಾತು ರಂಗದಲ್ಲೇ ಹುಟ್ಟುತ್ತದೆ. ಹಾಗಾಗಿ ಕಥೆ ಗೊತ್ತಿರುವ ಇನ್ನೊಬ್ಬ ಆ ವೇಷ ಕಟ್ಟಬಹುದು. ಭಾಗವತರು ನಾಲ್ಕು ಪದ್ಯ ಬಿಡುತ್ತಾರೆ, ಬೇಕಾದರೆ ಬೇರೆ ಕಡೆ ಎಳೆಯುತ್ತಾರೆ. "ಆದರೆ ಆ ದಿನದ ಆಟವೇ ಬೇರೆ. ಅದೇ ಆಟ ಅಂತ ತೋರಿಸಲು ಹೋದರೆ ಕೆಡ್ತದೆ" ಅಂದರು.

ಆ ದಿನದ ಆಟವೇ ಬೇರೆ. ನನಗೆ ಬೇಕಿದ್ದದ್ದು ಇದೇ. ಒಬ್ಬ ಇಲ್ಲದ್ದನ್ನು ಮುಚ್ಚಿಡುವುದು ಬೇಡ, ಅದನ್ನೇ ಆಟದ ಒಂದು ಸನ್ನಿವೇಶ ಮಾಡುವುದು.

ಈಗ ಬಾಗಿಲು ಹೀಗಿದೆ. ಐದು ಜನ ಐದು ಹಗ್ಗ ಎಳೆದರೆ ಸಲೀಸಾಗಿ ಏಳುತ್ತದೆ. ನಾಲ್ಕೇ ಜನ ಇದ್ದರೆ ಒಂದು ಹಗ್ಗಕ್ಕೆ ಕಲ್ಲು ಕಟ್ಟಬೇಕು. ಕಲ್ಲು ಇರುವುದು ಕೆಳಗಿನ ಕೋಣೆಯಲ್ಲಿ, ಅಲ್ಲಿ ಆಗಲೇ ನೀರು ತುಂಬಿದೆ, ಒಬ್ಬರು ಉಸಿರು ಕಟ್ಟಿ ಇಳಿಯಬೇಕು. ಯಾರು ಇಳಿಯುವುದು ಅಂತ ಅವರೇ ಮಾತಾಡಿಕೊಳ್ಳಬೇಕು. ಕಬ್ಬಿಣದ ಕವಚ ತೊಟ್ಟ ಟ್ಯಾಂಕ್ ಇಳಿದರೆ ಬೇಗ ಮುಳುಗುತ್ತಾನೆ, ಆದರೆ ಕಲ್ಲನ್ನು ಒಂದೇ ಸಲಕ್ಕೆ ಎತ್ತುತ್ತಾನೆ. ಹೀಲರ್ ಹಗುರ, ಆದರೆ ಎರಡು ಸಲ ಇಳಿಯಬೇಕು. ಮೂರೇ ಜನ ಉಳಿದರೆ ಬಾಗಿಲು ಅರ್ಧ ಮಾತ್ರ ಏಳುತ್ತದೆ, ಅಡಿಯಲ್ಲಿ ಈಜಿ ನುಸುಳಬೇಕು, ಮುಂದಿನ ಕೋಣೆಗೆ ಸೊಂಟದಷ್ಟು ನೀರಿನ ಜೊತೆಗೇ ಹೋಗಬೇಕು. ತಮಾಷೆ ಏನೆಂದರೆ, ಟೆಸ್ಟ್ ಮಾಡಿದವರು ಆಮೇಲೆ ಒಬ್ಬರಿಗೊಬ್ಬರು ಹೇಳಿಕೊಂಡದ್ದು ನಾಲ್ಕು ಜನರ ಆಟವನ್ನೇ. ಐದು ಜನರದ್ದನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ.

ಬಾಗಿಲು ಸರಿ ಮಾಡಿದ ಮೇಲೆ ಉಳಿದ ತೂತುಗಳೂ ಕಾಣತೊಡಗಿದವು. ಬೀಗದ ಕೈ ಸಿಕ್ಕಿದವನ ಚೀಲದಲ್ಲಿರುತ್ತಿತ್ತು. ಅವನು ಹೋದರೆ ಅದೂ ಹೋಯಿತು. ಈಗ ಅದು ಗುಂಪಿಗೆ ಸೇರಿದ್ದು, ಯಾರ ಚೀಲದಲ್ಲೂ ಇಲ್ಲ. ಹೊರಗೆ ಹೋಗುವವನ ಮೈಮೇಲಿನ ವಿಷ, ಶಾಪ, ಬೆಂಕಿ ಎಲ್ಲ ಬಾಗಿಲಲ್ಲೇ ಅಳಿಸುತ್ತೇವೆ, ಅವನ ಸಾಕುಪ್ರಾಣಿಯ ಮೇಲಿನದ್ದೂ ಸೇರಿ. 2005ರ ಸೆಪ್ಟೆಂಬರಿನಲ್ಲಿ ವಾರ್‌ಕ್ರಾಫ್ಟ್‌ನ ಒಂದು ಬಾಸ್, ಅಂದರೆ ಸಾಹಸದ ಕೊನೆಗೆ ಎದುರಾಗುವ ದೊಡ್ಡ ಶತ್ರು, ಹರಡುತ್ತಿದ್ದ ಸೋಂಕು ಸಾಕುಪ್ರಾಣಿಗಳ ಮೂಲಕ ಊರಿಗೆ ಬಂದು, ಪೇಟೆಯಲ್ಲಿ ನಿಂತವರೆಲ್ಲ ಸಾಲುಸಾಲು ಸತ್ತದ್ದು ಈ ಕೆಲಸದಲ್ಲಿರುವವರಿಗೆ ಮರೆಯುವ ಸಂಗತಿಯಲ್ಲ.

ಬಾಸ್‌ನ ಜೀವದ ಲೆಕ್ಕ ಮಾತ್ರ ನನ್ನನ್ನು ತುಂಬಾ ಆಡಿಸಿತು. ಐದು ಜನ ಬಂದರೆ ಅದಕ್ಕೆ ಐದು ಪಾಲು ಜೀವ. ಒಬ್ಬ ಹೋದರೆ ಒಂದು ಪಾಲು ಕಳೆಯೋಣ, ನ್ಯಾಯ ಅಲ್ವಾ? ಎರಡೇ ದಿನದಲ್ಲಿ ಟೆಸ್ಟ್ ಮಾಡುವ ಹುಡುಗರು ಇದರ ಕಿವಿ ಹಿಂಡಿದರು. ಒಬ್ಬ ಹೊರಗೆ ಹೋಗುತ್ತಾನೆ, ಒಂದು ಪಾಲು ಇಳಿಯುತ್ತದೆ, ಅವನು ವಾಪಸ್ ಬರುತ್ತಾನೆ, ಇಳಿದದ್ದು ಏರುವುದಿಲ್ಲ, ಏಕೆಂದರೆ ನಾನು ಅದನ್ನು ಬರೆದೇ ಇರಲಿಲ್ಲ. ಸರದಿ ಮೇಲೆ ಹೊರಗೆ ಹೋಗಿ ಬಂದು ನಮ್ಮ ಬಾಸ್ ಸಮುದ್ರರಾಜನನ್ನು ಕೊನೆಗೆ ಒಂದೇ ಪೆಟ್ಟಿಗೆ ಮಲಗಿಸಿದರು. ಬಿದ್ದು ಬಿದ್ದು ನಗುತ್ತಿದ್ದರು, ನಾನೂ ನಕ್ಕೆ, ಏನು ಮಾಡುವುದು. ಈಗ ಒಬ್ಬ ಹೋದರೆ 90 ಸೆಕೆಂಡ್ ಏನೂ ಬದಲಾಗುವುದಿಲ್ಲ. ಆಮೇಲೆ ಒಂದು ಪಾಲು ಇಳಿಯುತ್ತದೆ, ಆದರೆ ಶೇಕಡಾ ಲೆಕ್ಕದಲ್ಲಿ: ಅರ್ಧ ಜೀವ ಇದ್ದದ್ದು ಅರ್ಧವೇ ಇರುತ್ತದೆ. ಅವನು ಬಂದ ಕೂಡಲೇ ಅದೇ ಲೆಕ್ಕದಲ್ಲಿ ಏರುತ್ತದೆ. ಬರಲು ಹತ್ತು ನಿಮಿಷ ಅವನ ಜಾಗ ಕಾದಿಡುತ್ತೇವೆ. ಬಾರದಿದ್ದರೂ, ಅರ್ಧ ದಾರಿಗಿಂತ ಹೆಚ್ಚು ಜೊತೆಯಲ್ಲಿದ್ದವನಿಗೆ ಬಹುಮಾನದ ಪಾಲು ಕೊಡುತ್ತೇವೆ.

ಈ ಕೊನೇ ನಿಯಮ ನನ್ನದೇ ಹಠ. ಮಳೆಗಾಲದಲ್ಲಿ ಆಡುವವರಿಗೆ ಅಷ್ಟಾದರೂ ಬೇಡವಾ ಅಂತ.

ಅದಕ್ಕೂ ಈಗ ಗೆದ್ದಲು ಹಿಡಿದಿದೆ. ಅರ್ಧ ದಾರಿ ಬರುವುದು, ವೈರ್ ಕೀಳುವುದು, ಉಳಿದವರು ಕಾದಾಡುವಾಗ ಊಟ ಮಾಡುವುದು, ಆಮೇಲೆ ಪಾಲು ಎಣಿಸುವುದು. ಯಾರು ಇದನ್ನೇ ಪದೇ ಪದೇ ಮಾಡುತ್ತಾರೆ ಅಂತ ಪಟ್ಟಿಯಲ್ಲಿ ಗೊತ್ತಾಗುತ್ತದೆ. ಆದರೆ ವೈರ್ ಕಿತ್ತವನೂ ಕರೆಂಟ್ ಹೋದವನೂ ಸರ್ವರ್ ಕಣ್ಣಿಗೆ ಒಂದೇ ತರ. ಮೂರು ಸಲಕ್ಕಿಂತ ಜಾಸ್ತಿ ಆದವರಿಗೆ ಪಾಲು ನಿಲ್ಲಿಸೋಣ ಅಂತ ನಾನು ಹೇಳಿದೆ. ಅಕ್ಕ ಪಟ್ಟಿ ನೋಡಿದರು. ಅದರಲ್ಲಿ ಮೊದಲ ಹೆಸರೇ ಬಂಟ್ವಾಳದ ಹುಡುಗನದ್ದು. ಆ ಜುಲೈ ಒಂದರಲ್ಲೇ ಹನ್ನೊಂದು ಸಲ.