ಬಿಸಾನತ್ತದ ಬೇವಿನ ಕಟ್ಟೆಯಲ್ಲಿ

ಚಿತ್ತೂರು ಜಿಲ್ಲೆಯ ಗುಡುಪಲ್ಲಿ ಮಂಡಲಕ್ಕೆ ನಾನು ಹೋದದ್ದು ಸೋದರತ್ತೆಯ ಮರಿಮಗುವಿನ ನಾಮಕರಣಕ್ಕೆ. ಮೂರು ದಿನ ಇದ್ದೆ. ಅದರಲ್ಲಿ ಎರಡು ದಿನ ನೆಂಟರ ಮನೆಗಳಲ್ಲಿ ಕಾಫಿ ಕುಡಿಯುವುದರಲ್ಲಿಯೇ ಕಳೆದವು. ಈ ಬರಹಕ್ಕೆ ಕಾರಣವಾದದ್ದು ಮೂರನೆಯ ದಿನದ ಮಧ್ಯಾಹ್ನ, ಅಣು ತ್ಯಾಜ್ಯವನ್ನು ನೆಲದಾಳದಲ್ಲಿ ಹೂಳುವ ಬಗ್ಗೆ ಹಳೆಯ ಗಣಿ ಕೆಲಸಗಾರರೊಬ್ಬರೊಡನೆ ನಡೆದ ಮಾತು.

ಅದಕ್ಕೆ ಮೊದಲು ದಾರಿಯ ಸಂಕಟವನ್ನು ಹೇಳಿಬಿಡುತ್ತೇನೆ, ಇನ್ನೂ ಹೊಟ್ಟೆ ಉರಿಯುತ್ತಿದೆ. ಹೊಸೂರಿನಿಂದ ಮಾಲೂರಿನ ಮೇಲೆ ಬಂಗಾರಪೇಟೆಗೆ ಬಸ್ಸಿನಲ್ಲಿ ಬಂದು, ನಿಂತಿದ್ದ ಮೊದಲ ರೈಲನ್ನು ಅವಸರದಿಂದ ಹತ್ತಿದೆ. ಅದು ಬಿಸಾನತ್ತಂ ನಿಲ್ದಾಣವನ್ನು ತಿರುಗಿಯೂ ನೋಡದೆ ನನ್ನನ್ನು ನೇರವಾಗಿ ಕುಪ್ಪಂಗೆ ಒಯ್ದು ಇಳಿಸಿತು. ಸಣ್ಣ ನಿಲ್ದಾಣಕ್ಕೆ ಹೋಗುವವರು ಪ್ಯಾಸೆಂಜರ್ ಗಾಡಿಯನ್ನೇ ಕಾಯಬೇಕು, ಹತ್ತುವ ಮೊದಲು ಬಾಯಿಬಿಟ್ಟು ಕೇಳಬೇಕು. ನಲವತ್ತು ವರ್ಷ ಮಕ್ಕಳಿಗೆ ಭೂಗೋಳ ಕಲಿಸಿದ ನಾನು ಕೇಳಲಿಲ್ಲ. ವಾಪಸು ಬರಲು ಆಟೋದವನಿಗೆ ಕೊಟ್ಟ ಹಣವನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ.

ಕೋಲಾರದ ಚಿನ್ನದ ಪಟ್ಟಿ ಉತ್ತರ ದಕ್ಷಿಣವಾಗಿ ಸುಮಾರು 80 ಕಿಲೋಮೀಟರ್ ಉದ್ದಕ್ಕೆ ಹರಡಿದೆ. ಅದರ ದಕ್ಷಿಣದ ತುಂಡು ಆಂಧ್ರದೊಳಗೆ ಸೇರಿದೆ. ಬಿಸಾನತ್ತಂ ಮತ್ತು ಚಿಗುರುಗುಂಟದಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯ ಗಣಿಗಳಿದ್ದವು. ಈಗ ಅಲ್ಲಿ ಉಳಿದಿರುವುದು ಸೀಮೆಜಾಲಿ, ಮುರಿದ ಗೋಡೆಗಳು ಮತ್ತು ಮನೆಯೊಳಗೆ ಕನ್ನಡವನ್ನೂ ಸಂತೆಯಲ್ಲಿ ತೆಲುಗನ್ನೂ ಆಡುವ ಒಕ್ಕಲು ಮನೆಗಳು. ಜನ ಕೆಜಿಎಫ್‌ಗೆ ಬಂದು, ಚಿನ್ನ ತೆಗೆದ ಮೇಲೆ ಉಳಿದ ಪುಡಿಯನ್ನು ರಾಶಿ ಹಾಕಿದ ಸೈನೈಡ್ ದಿಬ್ಬದ ಮೇಲೆ ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ನನಗೆ ಆ ದಿಬ್ಬದ ಮೋಹ ಎಂದೂ ಅರ್ಥವಾಗಿಲ್ಲ. ಈ ಕಡೆಯ ಬೋಳು ಬಂಡೆಗಳ ಕೆಳಗಿನ ರಾಗಿ ಹೊಲಗಳೇ ಚೆಂದ.

ಬೇವಿನ ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರು ನಮ್ಮ ಅತ್ತೆಯ ಪಕ್ಕದ ಮನೆಯವರು. ಮೊದಲು ಬಿಸಾನತ್ತದಲ್ಲಿ, ಆಮೇಲೆ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ, 2001ರಲ್ಲಿ ಗಣಿ ಮುಚ್ಚುವವರೆಗೆ ಟಿಂಬರ್ ಕೆಲಸ, ಎಂದರೆ ಸುರಂಗಕ್ಕೆ ಮರದ ಆಸರೆ ಕೊಡುವ ಕೆಲಸ, ಮಾಡಿದವರು. ನಾನು ಮೇಷ್ಟ್ರು ಎಂದು ತಿಳಿದ ಕೂಡಲೇ ಅವರು ಪರೀಕ್ಷೆಗೆ ಕೂರಿಸಿದರು: "ಗಣಿಯ ಕೇಜಿನಲ್ಲಿ ಹೀಟರು ಇಳಿಸಿ, ಕೆಳಗಿನ ಕಲ್ಲಿಗೆ ಬಿಸಿ ಕೊಟ್ಟು ನೋಡಿದರಲ್ಲ, ಅದು ಯಾಕೆ ಅಂತ ನಿಮಗೆ ಗೊತ್ತೇ?"

ನನಗೆ ಗೊತ್ತಿತ್ತು. 1965ರಲ್ಲಿ ಕೋಲಾರದ ಗಣಿಯ ಆಳದಲ್ಲಿ ವಾಯುಮಂಡಲದ ನ್ಯೂಟ್ರಿನೊಗಳೆಂಬ ಅತಿಸೂಕ್ಷ್ಮ ಕಣಗಳನ್ನು ಗುರುತಿಸಿದ್ದನ್ನು ನಾನು ಪ್ರತಿವರ್ಷ ತರಗತಿಯಲ್ಲಿ ಹೆಮ್ಮೆಯಿಂದ ಹೇಳುತ್ತಿದ್ದೆ, ಆದರೆ ಈ ಎರಡನೆಯ ಪ್ರಯೋಗವನ್ನು ಒಂದು ಸಲವೂ ಹೇಳಿರಲಿಲ್ಲ. ಭಾಭಾ ಪರಮಾಣು ಸಂಶೋಧನಾ ಕೇಂದ್ರದವರು ಗಣಿಯ ಬಳಕೆಯಲ್ಲಿಲ್ಲದ ಭಾಗದಲ್ಲಿ, ಸುಮಾರು 1000 ಮೀಟರ್ ಆಳದಲ್ಲಿ, ಎಂಟು ವರ್ಷಗಳ ಕಾಲ ಅದನ್ನು ನಡೆಸಿದರು. ಅಣುಸ್ಥಾವರದಲ್ಲಿ ಬಳಸಿದ ಇಂಧನವನ್ನು ಸಂಸ್ಕರಿಸಿದ ಮೇಲೆ ಉಳಿಯುವ ಅತಿ ವಿಕಿರಣದ ದ್ರವವನ್ನು ನಮ್ಮಲ್ಲಿ ಗಾಜಿನೊಳಗೆ ಕರಗಿಸಿ ಗಟ್ಟಿ ಮಾಡುತ್ತಾರೆ. ಆ ಗಾಜು ದಶಕಗಳ ಕಾಲ ಬಿಸಿಯನ್ನು ಬಿಡುತ್ತಲೇ ಇರುತ್ತದೆ. ಅದನ್ನು ನೆಲದಾಳದಲ್ಲಿ ಹೂತರೆ ಸುತ್ತಲಿನ ಕಲ್ಲು ಎಷ್ಟು ಹಿಗ್ಗುತ್ತದೆ, ಬಿರುಕುಗಳು ತೆರೆದುಕೊಳ್ಳುತ್ತವೆಯೇ ಎಂಬುದನ್ನು ಹೀಟರುಗಳನ್ನಿಟ್ಟು ಅಳೆದದ್ದು ಆ ಪ್ರಯೋಗ. ತ್ಯಾಜ್ಯವನ್ನು ಅಲ್ಲಿಗೆ ತಂದಿರಲಿಲ್ಲ. ಇಷ್ಟನ್ನು ವಿವರಿಸಿದೆ.

"ನಮ್ಮ ಶಿಫ್ಟಿನವರು ಅದನ್ನು ಒಲೆ ಅಂತಿದ್ದೆವು," ಎಂದರು ಅವರು. "ಒಲೆ ಯಾರ ಅಡುಗೆಗೆ ಅಂತ ನಮಗೆ ಯಾರೂ ಹೇಳಲಿಲ್ಲ. ಕಲ್ಲಿನ ಸದ್ದು ಕೇಳಿ ಜೀವ ಉಳಿಸಿಕೊಂಡವರು ನಾವು. ಕಲ್ಲು ಮೊದಲು ಸಣ್ಣಗೆ ಚಿಟಚಿಟ ಅನ್ನುತ್ತದೆ, ಆಮೇಲೆ ಬರ್ಸ್ಟ್, ಬಂಡೆಯೇ ಸಿಡಿಯುತ್ತದೆ. ನಮ್ಮನ್ನೇ ಕೇಳಲಿಲ್ಲವಲ್ಲ."

ನನ್ನನ್ನು ನಾಟಿದ್ದು ಆ ಕೊನೆಯ ಮಾತು. 2012ರ ನವೆಂಬರಿನಲ್ಲಿ, ಸುಪ್ರೀಂ ಕೋರ್ಟಿನಲ್ಲಿ ಕೂಡಂಕುಳಂ ಅಣುಸ್ಥಾವರದ ಮೊಕದ್ದಮೆ ನಡೆಯುತ್ತಿದ್ದಾಗ, ತ್ಯಾಜ್ಯದ ಪ್ರಸ್ತಾಪದಲ್ಲಿ ಕೋಲಾರದ ಗಣಿಯ ಹೆಸರು ಕೇಳಿಬಂದು ಕೆಜಿಎಫ್ ಬೀದಿಗಿಳಿಯಿತು. ಆಮೇಲೆ ಅಂಥ ಯೋಜನೆಯೇ ಇಲ್ಲವೆಂದು ಸರ್ಕಾರದ ಕಡೆಯಿಂದ ಸ್ಪಷ್ಟನೆ ಬಂತು. ಆಗ ನಾನು ಆ ಪ್ರತಿಭಟನೆಯನ್ನು ಅರ್ಧ ತಿಳಿದವರ ಗದ್ದಲವೆಂದು ತಳ್ಳಿಹಾಕಿದ್ದೆ. ಕಟ್ಟೆಯ ಮೇಲೆ ಕುಳಿತು ನೋಡಿದರೆ ಅದು ಬೇರೆಯಾಗಿ ಕಾಣಿಸಿತು. ಎಂಟು ವರ್ಷದ ಪ್ರಯೋಗ ಈ ಜನರ ಕಾಲಡಿಯಲ್ಲಿ ನಡೆದಾಗ ಹೇಳದವರು, ಈಗ ಏನೂ ಇಲ್ಲ ಎಂದರೆ ನಂಬುವುದು ಹೇಗೆ? ನಿಯಂತ್ರಣಕ್ಕೆಂದು 1983ರಲ್ಲಿ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ರಚನೆಯಾಗಿತ್ತು. ಆದರೆ ಸ್ಥಾವರಗಳನ್ನು ನಡೆಸುವವರ ನೆರಳಿನಿಂದ ಅದು ಸಾಕಷ್ಟು ಹೊರಗೆ ಬಂದಿಲ್ಲ ಎಂಬ ಆಕ್ಷೇಪವನ್ನು ಅದೇ 2012ರಲ್ಲಿ ಮಹಾಲೇಖಪಾಲರ ವರದಿಯೇ ಎತ್ತಿತ್ತು.

ಹಿರಿಯರಿಗೆ ವರದಿಗಳಲ್ಲಿ ಆಸಕ್ತಿ ಇರಲಿಲ್ಲ. ಅವರಿಗೆ ಬೇಕಿದ್ದದ್ದು ನೀರಿನ ವಿಷಯ. ಪಂಪು ನಿಂತ ಮೇಲೆ ಗಣಿ ತುಂಬದೆ ಇರುವುದಿಲ್ಲ, ಹಳೆಯ ಗಣಿ ಎಂದರೆ ಸಾವಿರ ತೂತಿನ ಮಡಕೆ ಎಂದರು. ಜರ್ಮನಿಯ ಆಸ್ಸೆ ಎಂಬ ಹಳೆಯ ಉಪ್ಪಿನ ಗಣಿಯಲ್ಲಿ 1967ರಿಂದ 1978ರವರೆಗೆ ಅಣು ತ್ಯಾಜ್ಯದ ಸುಮಾರು 1,26,000 ಪೀಪಾಯಿಗಳನ್ನು ಇಳಿಸಿ, ಈಗ ಉಪ್ಪುನೀರು ಒಳನುಗ್ಗುತ್ತಿರುವುದರಿಂದ ಅವನ್ನು ಮತ್ತೆ ಮೇಲಕ್ಕೆತ್ತಬೇಕೆಂದು ಕಾನೂನನ್ನೇ ಮಾಡಿಕೊಂಡಿದ್ದಾರೆಂದು ನಾನು ಹೇಳಿದೆ. ಅವರಿಗೆ ಆಶ್ಚರ್ಯವಾಗಲಿಲ್ಲ. ಬದಲಿಗೆ 1975ರ ಡಿಸೆಂಬರಿನ ಚಾಸ್ನಾಲಾವನ್ನು ನೆನೆಸಿದರು. ಆ ಕಲ್ಲಿದ್ದಲು ಗಣಿಯೊಳಗೆ ನೀರು ನುಗ್ಗಿ 370ಕ್ಕೂ ಹೆಚ್ಚು ಜನ ಸತ್ತ ಸುದ್ದಿ ಬಂದ ದಿನ ತಮ್ಮ ಲೆವೆಲಿನಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲವಂತೆ.

"ನಕ್ಷೆ ಯಾರ ಹತ್ತಿರ ಇರುತ್ತದೆ?" ಎಂದು ಕೇಳಿದರು. "ಅಗೆದವನ ಹತ್ತಿರ ಒಂದು ಇರಲಿ, ಬೇಡವೆನ್ನುವುದಿಲ್ಲ. ಆದರೆ ಅಳೆಯುವವನು ಬೇರೆ ಮನೆಯವನಾಗಿರಬೇಕು."

ಬೇರೆ ಮನೆಯವನು ಅಳೆದದ್ದಕ್ಕೆ ನನ್ನ ಬಳಿ ಒಂದು ಕಥೆ ಇತ್ತು. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ, ನೆಲದಿಂದ ಸುಮಾರು 655 ಮೀಟರ್ ಕೆಳಗಿನ ಉಪ್ಪಿನ ಪದರದಲ್ಲಿ, ಅಣ್ವಸ್ತ್ರ ತಯಾರಿಕೆಯ ಪ್ಲುಟೋನಿಯಂ ಸೋಂಕಿದ ಕಸವನ್ನು 1999ರಿಂದ ಹೂಳುತ್ತಿದ್ದಾರೆ. ಅಲ್ಲಿನ ಸುರಕ್ಷತಾ ಲೆಕ್ಕಗಳನ್ನು ಪ್ರಶ್ನಿಸಲೆಂದೇ 1978ರಲ್ಲಿ ಸ್ವತಂತ್ರ ತಜ್ಞರ ತಂಡವೊಂದನ್ನು ನೇಮಿಸಲಾಗಿತ್ತು. 2004ರಲ್ಲಿ ಹಣ ನಿಂತು ಅದು ಮುಚ್ಚಿಹೋಯಿತು. 2014ರ ಫೆಬ್ರವರಿಯಲ್ಲಿ ಒಂದು ಪೀಪಾಯಿ ಒಳಗಿನಿಂದಲೇ ಕಾದು ಬಿರಿಯಿತು. ದ್ರವವನ್ನು ಹೀರಿಕೊಳ್ಳಲೆಂದು ಕಸಕ್ಕೆ ಬೆರೆಸುವ ಬೆಕ್ಕಿನ ಮರಳಿನಲ್ಲಿ (ಸಾಕು ಬೆಕ್ಕುಗಳ ಮಲಮೂತ್ರಕ್ಕೆಂದು ಮನೆಯೊಳಗೆ ಇಡುವ ಪುಡಿ) ಖನಿಜದ್ದರ ಬದಲು ಧಾನ್ಯದಿಂದ ಮಾಡಿದ್ದನ್ನು ಹಾಕಿದ್ದರು. ಅದು ನೈಟ್ರೇಟ್ ಲವಣದೊಂದಿಗೆ ಸೇರಿ ಉರಿಯಿತು. ವಿಶ್ವವಿದ್ಯಾಲಯವೊಂದರ ಪರೀಕ್ಷಾ ಕೇಂದ್ರ ತನ್ನದೇ ಯಂತ್ರಗಳನ್ನು ಹೊರಗೆ ನಿಲ್ಲಿಸಿಕೊಂಡಿತ್ತು. ಗಾಳಿಯಲ್ಲಿ ಅಮೆರಿಷಿಯಂ ಮತ್ತು ಪ್ಲುಟೋನಿಯಂನ ಸುಳಿವು ಸಿಕ್ಕಿದೆಯೆಂದು ಕೆಲವೇ ದಿನಗಳಲ್ಲಿ ಅದು ಊರಿಗೆ ತಿಳಿಸಿತು. ಪ್ರಮಾಣ ಅತಿ ಅಲ್ಪ, ಆದರೆ ಆ ಅಲ್ಪವನ್ನೂ ಅಳೆದು ಹೇಳುವವರು ಇದ್ದರು. ಗಣಿಯಲ್ಲಿ ಹೂಳುವ ಕೆಲಸ ಸುಮಾರು ಮೂರು ವರ್ಷ ನಿಂತಿತು.

ಬೆಕ್ಕಿನ ಮರಳು ಎಂಬ ವಸ್ತುವನ್ನು ದುಡ್ಡು ಕೊಟ್ಟು ಕೊಳ್ಳುತ್ತಾರೆ ಎಂಬುದೇ ಹಿರಿಯರಿಗೆ ಬಹಳ ಹೊತ್ತು ಜೀರ್ಣವಾಗಲಿಲ್ಲ. ನಕ್ಕು ನಕ್ಕು ಕೆಮ್ಮು ಬಂತು. ಆಮೇಲೆ ದಿಬ್ಬದ ದಿಕ್ಕಿಗೆ ಕೈ ತೋರಿಸಿ, "ಗಾಳಿ ಕಾಲದಲ್ಲಿ ಆ ಸೈನೈಡ್ ಧೂಳು ಮನೆಯೊಳಗೆ ಬರುತ್ತಿತ್ತು. ಕಣ್ಣಿಗೆ ಕಾಣುವ ದಿಬ್ಬಕ್ಕೇ ನಮ್ಮಲ್ಲಿ ಯಂತ್ರ ನಿಲ್ಲಿಸಿದವರನ್ನು ನಾನು ನೋಡಲಿಲ್ಲ," ಎಂದರು.

ಎಲ್ಲಿಯಾದರೂ ಊರಿನವರನ್ನು ಕೇಳಿ ಮಾಡಿದ್ದುಂಟೇ ಎಂದು ಕೊನೆಗೆ ಕೇಳಿದರು. ಫಿನ್ಲೆಂಡಿನ ಎವುರಯೊಕಿಯ ಹೆಸರನ್ನು ಎರಡು ಸಲ ಹೇಳಬೇಕಾಯಿತು. ಅಲ್ಲಿನ ಕಾನೂನಿನಂತೆ ಊರಿನ ಪುರಸಭೆ ಬೇಡವೆಂದರೆ ಸರ್ಕಾರ ಮುಂದುವರಿಯುವಂತಿಲ್ಲ. 2000ನೆಯ ಇಸವಿಯ ಜನವರಿಯಲ್ಲಿ ಸಭೆ ಸೇರಿ, 20 ಜನ ಒಪ್ಪಿ, 7 ಜನ ವಿರೋಧಿಸಿ, ಸುಮಾರು 400 ಮೀಟರ್ ಆಳದ ಬಂಡೆಯಲ್ಲಿ ಹೂಳುವ ಯೋಜನೆಗೆ ಬಾಗಿಲು ತೆರೆದರು. ಹಳೆಯ ಗಣಿಯಲ್ಲ, ಅದಕ್ಕೆಂದೇ ಹೊಸದಾಗಿ ಕೊರೆದ ಸುರಂಗ ಎಂದಾಗ ಅವರು ಮೆಚ್ಚಿ ತಲೆದೂಗಿದರು.

ಒಳಗಿನಿಂದ ಊಟಕ್ಕೆ ಕರೆದರು. ಮುದ್ದೆ, ಹುರುಳಿಯ ಬಸ್ಸಾರು; ಹಿಂದಿನ ದಿನ ಮಂಟಪದಲ್ಲಿ ಬಡಿಸಿದ ಬಣ್ಣದ ಪಲಾವಿಗಿಂತ ನೂರು ಪಾಲು ಮೇಲು. ಕೈ ತೊಳೆಯುತ್ತಿದ್ದಾಗ ಹಿರಿಯರು ಬೇಲಿಯ ಆಚೆಯಿಂದ ಮತ್ತೆ ಕೂಗಿದರು: "ಮೇಷ್ಟ್ರೇ, ಆ ಏಳು ಜನ ಬೇಡ ಅಂದರಲ್ಲ, ಅವರ ಮಾತನ್ನೂ ಬರೆದಿಟ್ಟುಕೊಂಡರೋ, ಇಲ್ಲವೋ?"