ಹಿಂದೆ ತಿರುಗಿ ನೋಡದ ನಾಲ್ಕು ಕಿಲೋಮೀಟರ್

ನಮ್ಮ ವಿಜಯಪುರದ ಪಕ್ಕದ ತೊರವಿ ದಾಟಿ ಇನ್ನೂ ಎರಡು ಫರ್ಲಾಂಗು ಹೋಗಿರಲಿಲ್ಲ, ನನ್ನ ಸೈಕಲ್ಲಿನ ಹಿಂದಿನ ಗಾಲಿ ಪೂರ್ತಿ ಕೂತುಬಿಟ್ಟಿತು. ಇಳಿದು ನೋಡಿದರೆ ನೆಗ್ಗಿನಮುಳ್ಳು. ಒಂದಲ್ಲ, ನಾಲ್ಕು. ಎದುರಿಂದ ಬರುತ್ತಿದ್ದ ಕಬ್ಬಿನ ಟ್ರ್ಯಾಕ್ಟರನ್ನು ಓವರ್‌ಟೇಕ್ ಮಾಡಿ ಒಂದು ಲಾರಿ ಸೀದಾ ನಮ್ಮ ಕಡೆಗೇ ನುಗ್ಗಿತ್ತು. ನಾನು ಡಾಂಬರು ಬಿಟ್ಟು ಹುಲ್ಲಿಗೆ ಇಳಿದಿದ್ದೆ. ಹುಲ್ಲಲ್ಲಿ ಇವು ಕಾಯುತ್ತಾ ಕೂತಿದ್ದವು.

ಸೈಕಲ್ ತಳ್ಳಿಕೊಂಡು ತೊರವಿಗೆ ವಾಪಸ್ ಬಂದೆವು. ನಾನು ಮತ್ತು ಅಣ್ಣನ ಮಗಳು. ಅವಳು ಹತ್ತನೇ ಕ್ಲಾಸು, ಭಾನುವಾರವೂ ಟ್ಯೂಷನ್ ಇತ್ತು, ಅತ್ತಿ ಜೊತೆ ಹೋಗ್ತೀನಿ ಅಂತ ಹೇಳಿ ತಪ್ಪಿಸಿಕೊಂಡಿದ್ದಳು. ಬೇವಿನ ಮರದ ಕೆಳಗೆ ಪಂಕ್ಚರ್ ಅಂಗಡಿ. ಟ್ರ್ಯಾಕ್ಟರ್ ಟೈರುಗಳ ನಡುವೆ ಒಬ್ಬ ಚಹಾ ಕುಡಿಯುತ್ತಾ ಕೂತಿದ್ದ. ನಾನು ಶಾಲೆಯಲ್ಲಿ ಗಣಿತ ಕಲಿಸುತ್ತೇನೆ ಅಂತ ಅವನಿಗೆ ಹೇಗೆ ಗೊತ್ತಾಯಿತೋ, ನೋಡಿದ ಕೂಡಲೇ "ಬರ್ರಿ ಅಕ್ಕೋರ" ಅಂದ. ನಮ್ಮ ಮುಖದ ಮೇಲೇ ಬರೆದಿರುತ್ತದೆ ಅನಿಸುತ್ತೆ.

"ರೋಡ ಬಿಟ್ಟು ಕೆಳಗ ಇಳದಿದ್ರೇನು?"

"ಹೂನ್ರಿ. ಲಾರಿ ಬಂತು."

"ಹಂಗಾರ ಮುಳ್ಳ ಚಲೋ ಬಿಡ್ರಿ."

ಎರಡು ಪಟ್ಟಿ ಹಾಕಿ ಟೈರನ್ನು ರಿಮ್ಮಿನಿಂದ ಎಬ್ಬಿಸಿದ. ಟ್ಯೂಬು ಎಳೆದು, ಗಾಳಿ ತುಂಬಿ, ಅರ್ಧಕ್ಕೆ ಕತ್ತರಿಸಿದ ಎಣ್ಣೆ ಡಬ್ಬಿಯ ನೀರಲ್ಲಿ ಸ್ವಲ್ಪ ಸ್ವಲ್ಪವೇ ಮುಳುಗಿಸುತ್ತಾ ಹೋದ. ಗುಳ್ಳೆ ಎದ್ದ ಜಾಗದಲ್ಲಿ ಬೆರಳಿಟ್ಟು ಒರೆಸಿ, ಗರಗಸದ ಬ್ಲೇಡಿನ ತುಂಡಿನಿಂದ ಕೆರೆದ. ಸಲ್ಯೂಷನ್ ಹಚ್ಚಿ ಊದಿದ. ಆಮೇಲೆ ಟೈರಿನ ಒಳಗೆ ಬೆರಳಾಡಿಸಿ, ಉಳಿದಿದ್ದ ಮುಳ್ಳಿನ ತುದಿಗಳನ್ನು ಒಂದೊಂದಾಗಿ ಹುಡುಕಿ ತೆಗೆದು ನನ್ನ ಅಂಗೈಗೆ ಹಾಕಿದ. ಸಣ್ಣದೊಂದು ಎತ್ತಿನ ತಲೆಯ ಹಾಗೆ, ಎರಡು ಕೋಡು. ಹೇಗೆ ಬಿದ್ದರೂ ಒಂದು ಕೋಡು ಮೇಲಕ್ಕೇ ಇರುತ್ತದೆ.

ಈ ವಯಸ್ಸಲ್ಲಿ ನನಗೆ ಸೈಕಲ್ ಹುಚ್ಚು ಹಿಡಿದದ್ದು ಇಲ್ಲಲ್ಲ. ಹೋದ ವರ್ಷ ಬೇಸಿಗೆ ರಜೆಯಲ್ಲಿ ಮಗನ ಮನೆಗೆ ಅಮೆರಿಕಕ್ಕೆ ಹೋಗಿದ್ದೆ. ವರ್ಜೀನಿಯಾದ ಹರ್ನ್‌ಡನ್ ಅಂತ ಊರು. ಊರ ನಡುವೆಯೇ ಒಂದು ಡಾಂಬರು ಹಾದಿ ಹೋಗುತ್ತದೆ, ವಾಷಿಂಗ್ಟನ್ ಅಂಡ್ ಓಲ್ಡ್ ಡೊಮಿನಿಯನ್, ಚಿಕ್ಕದಾಗಿ ಡಬ್ಲ್ಯೂ ಅಂಡ್ ಓಡಿ ಟ್ರೇಲ್ ಅಂತಾರೆ. ಮೊದಲು ಅದು ರೈಲು ದಾರಿ. 1968ರಲ್ಲಿ ರೈಲು ನಿಂತುಹೋಯಿತು. ವಿದ್ಯುತ್ ಕಂಪನಿಯೊಂದು ಕಂಬ ನೆಡಲು ಆ ಜಾಗ ಕೊಂಡುಕೊಂಡಿತು. ನನ್ನ ಪ್ರಕಾರ ಅದೇ ಪುಣ್ಯ. ಇಲ್ಲದಿದ್ದರೆ ತುಂಡು ತುಂಡಾಗಿ ಸೈಟುಗಳಾಗಿಬಿಡುತ್ತಿತ್ತು, ಅಲ್ವಾ? ತಂತಿಯ ಕೆಳಗೆ ಸ್ವಲ್ಪ ಸ್ವಲ್ಪವೇ ಹಾದಿ ಮಾಡುತ್ತಾ ಬಂದು 1988ರಲ್ಲಿ ಮುಗಿಸಿದರು. ವಾಷಿಂಗ್ಟನ್ ಹತ್ತಿರದ ಆರ್ಲಿಂಗ್ಟನ್‌ನಿಂದ ಪರ್ಸೆಲ್‌ವಿಲ್ ಅನ್ನೋ ಹಳ್ಳಿ ಕಡೆಯ ಪಟ್ಟಣದವರೆಗೆ 72 ಕಿಲೋಮೀಟರ್. ನಮ್ಮಲ್ಲಿಂದ ಬಸವನ ಬಾಗೇವಾಡಿಗೆ ಹೋಗುವುದಕ್ಕಿಂತ ಜಾಸ್ತಿ.

ಮೊದಲ ವಾರ ಸುಮ್ನೆ ನಡೆದೆ. ಆಮೇಲೆ ಮಗನ ಹಳೆ ಸೈಕಲ್ ಹತ್ತಿದೆ. ಚೂಡಿದಾರಿನ ಪ್ಯಾಂಟಿಗೆ ರಬ್ಬರ್ ಬ್ಯಾಂಡು. ಒಂದೇ ಹಾದಿಯಲ್ಲಿ ಓಡುವವರು, ತಳ್ಳುಗಾಡಿಯಲ್ಲಿ ಕೂಸು ಮಲಗಿಸಿಕೊಂಡವರು, ನಾಯಿ ಹಿಡಿದವರು, ನನ್ನ ಹಾಗೆ ತಿಣುಕುವವರು ಎಲ್ಲ ಇರುತ್ತಾರೆ. ಕೆಲವು ಕಡೆ ಪಕ್ಕದಲ್ಲೇ ಕುದುರೆಗಳಿಗೆ ಬೇರೆ ಜಲ್ಲಿ ಹಾದಿಯೂ ಇದೆ. ಮನೆಗಳ ಹಿತ್ತಲು ದಾಟಿ, ಆಶ್‌ಬರ್ನ್ ಹತ್ತಿರ ಕಿಟಕಿಯೇ ಇಲ್ಲದ ದೊಡ್ಡ ದೊಡ್ಡ ಡೇಟಾ ಸೆಂಟರ್‌ಗಳನ್ನು ದಾಟಿದರೆ, ಲೀಸ್‌ಬರ್ಗ್ ಆಚೆ ಹೊಲ, ಕುದುರೆ ಕಟ್ಟುವ ತೋಟ ಶುರುವಾಗುತ್ತವೆ. ಅಲ್ಲಿಂದ ಏರು. ಏರಿನಲ್ಲಿ ನಾನು ಇಳಿದು ತಳ್ಳಿದೆ. ಅದರಲ್ಲಿ ನನಗೇನೂ ನಾಚಿಕೆ ಇಲ್ಲ.

ಹಿಂದಿನಿಂದ ಬರುವವರು ಗಂಟೆ ಬಾರಿಸಿ "ಆನ್ ಯುವರ್ ಲೆಫ್ಟ್" ಅಂತ ಕೂಗಿ ಎಡಗಡೆಯಿಂದ ದಾಟುತ್ತಾರೆ. ಅಲ್ಲಿ ಬಲಕ್ಕೆ ಹೋಗೋದು, ಎಡಕ್ಕೆ ದಾಟೋದು. ಮೊದಲ ಸಲ ಕೇಳಿದಾಗ ನನಗೇ ಎಡಕ್ಕೆ ಸರಿಯಲು ಹೇಳಿದರು ಅಂದುಕೊಂಡು ಎಡಕ್ಕೇ ಸರಿದೆ. ಆ ಮನುಷ್ಯ ಹುಲ್ಲಿಗೆ ಹೋಗಿ ನಿಂತ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ನಕ್ಕುಬಿಟ್ಟ.

ಅಲ್ಲಿ ನನಗೆ ಹಿಡಿಸಿದ್ದು ಡಾಂಬರಲ್ಲ, ಸ್ವಚ್ಛತೆಯೂ ಅಲ್ಲ. ಸುಮಾರು ಹತ್ತು ದಿನ ಆದ ಮೇಲೆ ಗೊತ್ತಾಯಿತು, ನನ್ನ ಕುತ್ತಿಗೆ ನೋಯುತ್ತಿರಲಿಲ್ಲ. ವಿಜಯಪುರದಲ್ಲಿ ಸ್ಕೂಟಿ ಮೇಲೆ ಶಾಲೆಗೆ ಹೋಗಿ ಬರುವಷ್ಟರಲ್ಲಿ ಕುತ್ತಿಗೆ ಬಿಗಿದಿರುತ್ತದೆ. ಅದು ವಯಸ್ಸು ಅಂದುಕೊಂಡಿದ್ದೆ. ಅದು ಹಿಂದೇನು ಬರುತ್ತಿದೆಯೋ ಅನ್ನುವ ಹೆದರಿಕೆ.

ವಾಪಸ್ ಬಂದ ಮೇಲೆ ಸೈಕಲ್ ಕೊಂಡೆ. ಮನೆಯವರು ನಕ್ಕರು. ಇದರಲ್ಲಿ ನಗುವುದೇನಿದೆ? ಸೈಕಲ್ಲಿಗೆ ಹೆಸರಾದ ಜಿಲ್ಲೆ ನಮ್ಮದು. ಎಷ್ಟೋ ಹುಡುಗರು, ಹುಡುಗಿಯರು ಇಲ್ಲಿಂದ ಹೋಗಿ ರಾಷ್ಟ್ರಮಟ್ಟದಲ್ಲಿ ಪದಕ ಗೆದ್ದಿದ್ದಾರೆ. ಬೆಳಗಿನ ಜಾವ ಹೆದ್ದಾರಿಯಲ್ಲಿ ಸಾಲಾಗಿ ಬಗ್ಗಿಕೊಂಡು ಹೋಗುವ ಅವರನ್ನು ನೀವೂ ನೋಡಿರುತ್ತೀರಿ. ಅವರದ್ದೂ ಅದೇ ಲಾರಿಗಳ ರಸ್ತೆ. ಇಲ್ಲಿ ಹಳೆ ರೈಲು ದಾರಿ ಸಿಗುತ್ತಾ ಅಂದರೆ ಅದೂ ಇಲ್ಲ. ನಮ್ಮ ಹೋಟಗಿ–ಗದಗ ಮೀಟರ್ ಗೇಜ್ 1884ರದ್ದು, ಅದು ಬ್ರಾಡ್ ಗೇಜ್ ಆಗಿ ರೈಲು ಇನ್ನೂ ಓಡುತ್ತಿದೆ. ಓಡಲಿ, ನನಗೂ ಸೊಲ್ಲಾಪುರಕ್ಕೆ ಹೋಗೋಕೆ ಅದೇ ಬೇಕು.

ಹಾಗಾಗಿ ಆ ಭಾನುವಾರ ಅಥಣಿ ರಸ್ತೆ ಹಿಡಿದಿದ್ದೆವು. ಇಬ್ರಾಹಿಂ ರೋಜಾದ ಮಿನಾರುಗಳು ಮಂಜಿನಲ್ಲಿ ಅರ್ಧ ಕಾಣುತ್ತಿದ್ದವು. ಮಹಿಳಾ ವಿಶ್ವವಿದ್ಯಾಲಯ ದಾಟುವಷ್ಟರಲ್ಲಿ ಬಿಸಿಲು ಬಂತು. ಆದಿಲ್‌ಶಾಹಿಗಳ ಕಾಲದಲ್ಲಿ ತೊರವಿಯಿಂದ ಊರಿಗೆ ನೆಲದೊಳಗಿನ ಕಾಲುವೆಯಲ್ಲಿ ನೀರು ಹರಿಸಿದ್ದರು. ನಾವು ಆ ನೀರಿಗೆ ಎದುರಾಗಿ ಹೊರಟಿದ್ದೆವು. ಕೆಳಗೆ ನೀರಿಗೆ ಪ್ರತ್ಯೇಕ ಹಾದಿ ಮಾಡಿದ್ದರು ನೋಡಿ. ಮೇಲೆ ನಾನು ಐದು ಕಿಲೋಮೀಟರಿಗೆ ಎಷ್ಟು ಸಲ ಹಿಂದೆ ತಿರುಗಿ ನೋಡಿದೆ ಅಂತ ಅಣ್ಣನ ಮಗಳು ಎಣಿಸಿದ್ದಳು. ಐವತ್ತೆರಡು ಅಂತೆ.

ಪಂಕ್ಚರಿನವನಿಗೆ ದುಡ್ಡು ಕೊಟ್ಟು ಹೊರಟಾಗ ಅವನೇ ಹೇಳಿದ. "ರೋಡ್ ಮ್ಯಾಲ ಯಾಕ ಸಾಯ್ತೀರಿ ಅಕ್ಕೋರ? ಮುಂದ ಕೆನಾಲ್ ದಂಡಿ ಹಿಡೀರಿ. ಗರಸ ಹಾಕ್ಯಾರ. ಕುರಿ ಬಿಟ್ರ ಯಾವನೂ ಬರಾಂಗಿಲ್ಲ."

ನಿಜವಾಗಿಯೂ ಯಾರೂ ಇರಲಿಲ್ಲ. ಕಾಲುವೆ ನೋಡಿಕೊಳ್ಳುವವರ ಜೀಪಿಗೆ ಅಂತ ಮಾಡಿದ ದಾರಿ. ಡಾಂಬರಿಲ್ಲ, ಕೆಂಪು ಗರಸು ಗಟ್ಟಿಯಾಗಿ ಕೂತಿದೆ. ಅಲ್ಲಲ್ಲಿ ಕುಲುಕುತ್ತದೆ, ಒಂದು ಕಡೆ ಮಳೆಗೆ ಕೊರೆದುಹೋಗಿ ಇಳಿದು ದಾಟಬೇಕಾಯಿತು. ಎಡಕ್ಕೆ ಕಾಲುವೆಯಲ್ಲಿ ಮೊಣಕಾಲುದ್ದ ನೀರು. ಬಲಕ್ಕೆ ಎರಿ ಹೊಲ, ಬಿಳಿಜೋಳ ಹಾಲುಗಾಳು ಹಿಡಿದು ನಿಂತಿತ್ತು. ದನ ಒಳಗೆ ನುಗ್ಗದಿರಲಿ ಅಂತ ಹೊಲದ ಅಂಚಿಗೆ ಕುಸುಬೆ. ಅದರ ಮುಳ್ಳಿಗೆ ದನವೂ ಹೆದರುತ್ತದೆ. ಅಲ್ಲಿಂದ ಮುಂದೆ ದ್ರಾಕ್ಷಿ ತೋಟಗಳು, ಕಾಯಿ ಇನ್ನೂ ಹಸಿರು. ಒಬ್ಬ ಅಜ್ಜ ಕುಳ್ಳಿನ ಬೆಂಕಿಯಲ್ಲಿ ಸೀತನಿ ಸುಡುತ್ತಿದ್ದರು. "ಬಾ ತಂಗಿ, ತಿನ್ನು" ಅಂತ ಕರೆದರು. ಅವರು ತೆನೆ ಬಡಿದು ಉದುರಿಸಿಕೊಟ್ಟ ಬಿಸಿ ಕಾಳನ್ನು ಬೆಲ್ಲ, ಶೇಂಗಾ ಚಟ್ನಿ ಜೊತೆ ನಿಂತುಕೊಂಡೇ ತಿಂದೆವು. ವರ್ಜೀನಿಯಾದ ಹಾದಿಯಲ್ಲಿ ಕಂಬಕ್ಕೆ ಪಂಪು, ಪಾನಾ ಕಟ್ಟಿರುತ್ತಾರೆ, ನಿಮ್ಮ ಪಂಕ್ಚರ್ ನೀವೇ ಹಾಕಿಕೊಳ್ಳಬೇಕು. ಸೀತನಿ ಮಾತ್ರ ಇಲ್ಲ.

ಸ್ವಲ್ಪ ದೂರ ಹೋದ ಮೇಲೆ ಮುಂದೆ ಕುರಿ ಹಿಂಡು. ಗಂಟೆ ಬಾರಿಸಿದೆ. ಬಾಯಿಂದ ಅಭ್ಯಾಸಬಲಕ್ಕೆ "ಆನ್ ಯುವರ್ ಲೆಫ್ಟ್" ಅಂತಲೇ ಬಂತು. ಕುರುಬ ತಿರುಗಿ "ಏನ್ರೀ?" ಅಂದ. ಅಣ್ಣನ ಮಗಳು ಸೈಕಲ್ ಬಿಟ್ಟು ನಕ್ಕಳು. ಅವನು ನಾಲಿಗೆಯಿಂದ ಏನೋ ಸದ್ದು ಮಾಡಿದ, ಅಷ್ಟೂ ಕುರಿ ಒಂದು ಬದಿಗೆ ಸರಿದವು. ನಾಯಿ ಒಂದೇ ನಮ್ಮ ಮೇಲೆ ಅನುಮಾನ ಇಟ್ಟುಕೊಂಡಿತ್ತು.

"ಅತ್ತಿ, ಎಷ್ಟ ಸಲ ಹಿಂದ ನೋಡಿದಿ ಗೊತ್ತೈತೇನು?" ಅಂದಳು. ನಾಲ್ಕು ಕಿಲೋಮೀಟರ್ ಬಂದಿದ್ದೆವು. "ಒಂದ ಸಲ. ಅದೂ ನಾನು ಬರಾಕತ್ತೀನೋ ಇಲ್ಲೋ ನೋಡಾಕ."

ಅಮೆರಿಕದ ಹಾದಿ ಎಷ್ಟು ಅಗಲ ಅಂತ ಕೇಳಿದಳು. ಹತ್ತು ಅಡಿ ಅಂದೆ. ಇದೆಷ್ಟು ಅಂದಳು. ಅಳತೆ ಪಟ್ಟಿ ಇರಲಿಲ್ಲ. ಸೈಕಲ್ ಅಡ್ಡ ಮಲಗಿಸು ಅಂದೆ. ಅವಳದ್ದನ್ನು ಕಾಲುವೆ ಕಟ್ಟೆಗೆ ಹಚ್ಚಿ ಮಲಗಿಸಿದೆವು, ಅದರ ತುದಿಗೆ ನನ್ನದನ್ನು. ಎರಡು ಸೈಕಲ್ ಮಲಗಿಸಿದರೂ ಹೊಲದ ಕಡೆ ಇನ್ನೊಂದು ಮೊಳ ಉಳಿಯಿತು. ನಾನು ಬಗ್ಗಿ ಮೊಳ ಹಾಕುತ್ತಾ ಕೂತಿದ್ದೆ.

"ಅತ್ತಿ, ಲಗೂ ಎತ್ತು. ಕುರಿ ಬಂದ್ವು."