ಮೊದಲ ದೊಡ್ಡ ಬೈಕ್ ಯಾವುದು ತಗೊಳ್ಳಲಿ ಅಂತ ಕೇಳುವವರಿಗೆ

"ಅಣ್ಣಾ, ದಿನಾ ಧಾರವಾಡದಿಂದ ಹುಬ್ಬಳ್ಳಿಗೆ ಓಡಾಡೋದೈತಿ. ಒಂದು ದೊಡ್ಡ ಗಾಡಿ ತಗೋಬೇಕಂತ ಮಾಡೇನಿ. ಯಾವುದು ಚಲೋ? ಇನ್ಶೂರೆನ್ಸ್ ಭಾಳ ಬರಬಾರದು ನೋಡ್ರಿ."

ಎಲ್ಲಿ ಹೋದರೂ ನನಗೆ ಈ ಪ್ರಶ್ನೆ ಸಿಗುತ್ತದೆ. ಮದುವೆ ಊಟದ ಪಂಕ್ತಿಯಲ್ಲಿ, ಗೋಕುಲ ರೋಡಿನ ಗ್ಯಾರೇಜಿನಲ್ಲಿ, ರಾತ್ರಿ ಫೋನಿನಲ್ಲಿ. ಕೇಳುವವರು ಹೆಚ್ಚಾಗಿ ಸ್ಪ್ಲೆಂಡರ್ ಅಥವಾ 125 ಸಿಸಿ ಗಾಡಿ ಓಡಿಸಿದವರು. ಕೆಲಸಕ್ಕೆ ಸೇರಿ ಒಂದಿಷ್ಟು ವರ್ಷ ಆಗಿರುತ್ತದೆ, ಕೈಯಲ್ಲಿ ಸ್ವಲ್ಪ ದುಡ್ಡು ಕೂಡಿರುತ್ತದೆ, ಮನೆಯಲ್ಲಿ ಇನ್ನೂ ಪೂರ್ತಿ ಒಪ್ಪಿರುವುದಿಲ್ಲ. ನನ್ನ ಉತ್ತರ ಎಲ್ಲರಿಗೂ ಒಂದೇ: 350 ಸಿಸಿ ದಾಟಬೇಡಿ. ಇನ್ಶೂರೆನ್ಸ್ ದುಡ್ಡು ಉಳಿಸಬೇಕಾದದ್ದು ಗಾಡಿ ಆರಿಸುವಾಗ. ಆಮೇಲೆ ಪಾಲಿಸಿಯನ್ನು ಕತ್ತರಿಸಿ ಉಳಿಸಲು ಹೋಗಬೇಡಿ.

ಯಾಕೆ 350? ಥರ್ಡ್ ಪಾರ್ಟಿ ಇನ್ಶೂರೆನ್ಸ್ (ನಿಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಗೆ) ದರವನ್ನು ಕಂಪನಿ ನಿಗದಿ ಮಾಡುವುದಿಲ್ಲ, ಸರ್ಕಾರ ಮಾಡುತ್ತದೆ. ಹಾಗಾಗಿ ಅದರಲ್ಲಿ ಚೌಕಾಸಿ ನಡೆಯುವುದಿಲ್ಲ. 2022ರ ಜೂನ್ 1ರಿಂದ ಬಂದ ದರ ಹೀಗಿದೆ: 75ರಿಂದ 150 ಸಿಸಿವರೆಗೆ ವರ್ಷಕ್ಕೆ 714 ರೂಪಾಯಿ, 150 ದಾಟಿ 350ರವರೆಗೆ 1,366, 350 ದಾಟಿದರೆ 2,804. ಹೊಸ ಗಾಡಿಗೆ ಐದು ವರ್ಷದ ಥರ್ಡ್ ಪಾರ್ಟಿಯನ್ನು ಒಟ್ಟಿಗೇ ಕಟ್ಟಬೇಕು, ಅದು 2018ರ ಸೆಪ್ಟೆಂಬರ್‌ನಿಂದ ಕಡ್ಡಾಯ. 150 ದಾಟಿ 350ರ ಒಳಗಿದ್ದರೆ 7,365, 350 ದಾಟಿದರೆ 15,117. ಇದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಬೇರೆ. ಅಂದರೆ ಷೋರೂಮಿನಿಂದ ಗಾಡಿ ಹೊರಗೆ ಬರುವ ದಿನವೇ ಒಂಬತ್ತು ಸಾವಿರ ರೂಪಾಯಿ ವ್ಯತ್ಯಾಸ.

ಇಲ್ಲಿ ತುಂಬಾ ಜನ ಗಮನಿಸದ ಒಂದು ಸಂಗತಿ ಇದೆ. 160 ಸಿಸಿ ಗಾಡಿಗೂ 349 ಸಿಸಿ ಗಾಡಿಗೂ ಥರ್ಡ್ ಪಾರ್ಟಿ ದರ ಒಂದೇ! "ಇನ್ಶೂರೆನ್ಸ್ ಕಡಿಮೆ ಬರಲಿ ಅಂತ 160 ತಗೊಂಡೆ" ಅಂತ ಹೇಳುವವರು ಸಿಗುತ್ತಾರೆ. ಥರ್ಡ್ ಪಾರ್ಟಿಯಲ್ಲಿ ಅವರಿಗೆ ಒಂದು ರೂಪಾಯಿಯೂ ಉಳಿದಿಲ್ಲ. ಉಳಿದಿದ್ದರೆ ಗಾಡಿಯ ಬೆಲೆ ಕಡಿಮೆ ಅನ್ನುವ ಕಾರಣಕ್ಕೆ ಓನ್ ಡ್ಯಾಮೇಜ್ (ನಿಮ್ಮ ಗಾಡಿಗೇ ಆಗುವ ಹಾನಿ, ಕಳುವಿನ ಕವರ್) ಭಾಗದಲ್ಲಿ ಒಂದಿಷ್ಟು ಉಳಿದಿರಬಹುದು ಅಷ್ಟೇ.

ಜಿಎಸ್‌ಟಿ ಕೂಡ ಈಗ ಇದೇ ಗೆರೆ ಹಿಡಿದಿದೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ 18 ಪರ್ಸೆಂಟ್, ಅದನ್ನು ದಾಟಿದರೆ 40. ಮೊದಲು 28 ಮತ್ತು 31 ಇತ್ತು, ಅಷ್ಟೇನೂ ಅಂತರ ಇರಲಿಲ್ಲ. ಈಗ ಹಾಗಲ್ಲ. ನಮ್ಮ ರಾಜ್ಯದ ರೋಡ್ ಟ್ಯಾಕ್ಸ್ ಮೊದಲೇ ಜಾಸ್ತಿ, ಅದೂ ಬೆಲೆಯ ಮೇಲೆಯೇ ಬೀಳುತ್ತದೆ.

ಹಾಗಾದರೆ ಯಾವ ಗಾಡಿ? ರಾಯಲ್ ಎನ್‌ಫೀಲ್ಡ್‌ನ ಹಂಟರ್ 350, ಕ್ಲಾಸಿಕ್ 350, ಬುಲೆಟ್ 350, ಮೀಟಿಯರ್ 350 ಎಲ್ಲವೂ 349 ಸಿಸಿ. ಹೋಂಡಾ ಸಿಬಿ 350 ಕೂಡ 348 ಚಿಲ್ಲರೆ, ಜಾವಾ 350 ಅಂತ ಬರುವುದು 334. ಇವೆಲ್ಲ ಗೆರೆಯ ಒಳಗೆ. 373 ಸಿಸಿಯ ಡೊಮಿನಾರ್ 400, 398 ಸಿಸಿಯ ಟ್ರಯಂಫ್ ಸ್ಪೀಡ್ 400, 452 ಸಿಸಿಯ ಹೊಸ ಹಿಮಾಲಯನ್, ಇವು ಗೆರೆಯ ಆಚೆ. ದಿನದ ಓಡಾಟಕ್ಕೆ ಒಂದನ್ನೇ ಹೇಳಿ ಅಂದರೆ ನಾನು ಹಂಟರ್ ಹೇಳುತ್ತೇನೆ. ಕಾರಣ ತೂಕ. ಹಂಟರ್ 181 ಕಿಲೋ, ಕ್ಲಾಸಿಕ್ 195. ಸ್ಪ್ಲೆಂಡರ್ 112ರ ಆಸುಪಾಸು ಅನ್ನುವುದು ನೆನಪಿರಲಿ. ಕ್ಲಾಸಿಕ್ ನೋಡಲು ಚೆಂದ, ಹೆದ್ದಾರಿಯಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ, ನನಗೂ ಇಷ್ಟ. ಆದರೆ ಸಂಜೆ ಆರೂವರೆಗೆ ಚೆನ್ನಮ್ಮ ಸರ್ಕಲ್‌ನಲ್ಲಿ ಆಟೋ, ಬಸ್ಸುಗಳ ನಡುವೆ ಒಂದು ಕಾಲು ಊರಿ ನಿಂತು, ಇಂಚಿಂಚು ಮುಂದೆ ಸರಿಯುವಾಗ ಈ ಹದಿನಾಲ್ಕು ಕಿಲೋ ಎಷ್ಟು ಅಂತ ಮೊಣಕಾಲಿಗೆ ಗೊತ್ತಾಗುತ್ತದೆ.

ಷೋರೂಮಿನಲ್ಲಿ ಟೆಸ್ಟ್ ರೈಡ್ ಕೇಳಿದರೆ ನುಣುಪಾದ ರಸ್ತೆಯಲ್ಲಿ ಒಂದು ಸುತ್ತು ಹಾಕಿಸಿ ಕಳಿಸುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ಇಂಜಿನ್ ಆಫ್ ಮಾಡಿ, ಮುಂದಿನ ಗಾಲಿಯನ್ನು ಸ್ವಲ್ಪ ಇಳಿಜಾರಿಗೆ ಇಳಿಸಿ, ಸೀಟಿನ ಮೇಲೆ ಕೂತೇ ಗಾಡಿಯನ್ನು ಹಿಂದಕ್ಕೆ ತಳ್ಳಿ ನೋಡಿ. ಎರಡೂ ಪಾದ ಪೂರ್ತಿ ನೆಲಕ್ಕೆ ಊರಿದರೆ ಗಾಡಿ ಬರುತ್ತದೆ. ಬರೀ ಬೆರಳ ತುದಿ ತಾಗುತ್ತಿದ್ದರೆ ಹ್ಯಾಂಡಲ್ ಒಂದು ಕಡೆ ವಾಲಿ, ಸೊಂಟ ಎಳೆದು, ಮುಖ ಕೆಂಪಾಗುತ್ತದೆ. ನಿಮ್ಮ ಆಫೀಸಿನ ಪಾರ್ಕಿಂಗ್‌ನಲ್ಲಿ ದಿನಾ ಮಾಡಬೇಕಾದ ಕೆಲಸ ಇದೇ. ಷೋರೂಮಿನ ಹುಡುಗ ನೋಡುತ್ತಿದ್ದಾನೆ ಅಂತ ಸಂಕೋಚ ಪಡಬೇಡಿ, ದುಡ್ಡು ನಿಮ್ಮದು.

ನಮ್ಮ ರಸ್ತೆಯ ಬಗ್ಗೆ ಒಂದು ಮಾತು. ಹುಬ್ಬಳ್ಳಿ-ಧಾರವಾಡದ ನಡುವಿನ ಇಪ್ಪತ್ತೆರಡು ಕಿಲೋಮೀಟರ್ ದಾರಿಯ ಬಹುಪಾಲು ಕಡೆ ನಡುವಿನ ಲೇನ್ ಚಿಗರಿ ಹೆಸರಿನ ಬಸ್ಸಿಗೆ ಮೀಸಲು. ನಾವು ಬೈಕಿನವರು ಲಾರಿ, ಟ್ರ್ಯಾಕ್ಟರ್, ಆಟೋಗಳ ಜೊತೆ ಪಕ್ಕದ ಲೇನಿನಲ್ಲೇ ಹೋಗಬೇಕು. ನವಲೂರು, ಸತ್ತೂರು, ರಾಯಾಪುರದ ಕಡೆ ರಸ್ತೆ ಬಿಚ್ಚಿಕೊಳ್ಳುತ್ತದೆ, ಅಲ್ಲಿ ಯಾವ ಗಾಡಿಯಾದರೂ ಚೆಂದ ಓಡುತ್ತದೆ. ನವನಗರ, ಉಣಕಲ್, ವಿದ್ಯಾನಗರ ಬಂತು ಅಂದರೆ ಮತ್ತೆ ಸಿಗ್ನಲ್, ಮತ್ತೆ ಕ್ಲಚ್. ಈ ದಾರಿಯಲ್ಲಿ ನಲವತ್ತು ಕುದುರೆ ಶಕ್ತಿಯ ಗಾಡಿಗೆ ಕೆಲಸವೇ ಇಲ್ಲ. 20 ಕುದುರೆ ಶಕ್ತಿಯ 350 ಗಾಡಿ ಕಡಿಮೆ ವೇಗದಲ್ಲೇ ಚೆನ್ನಾಗಿ ಎಳೆಯುತ್ತದೆ, ಪದೇ ಪದೇ ಗೇರ್ ಇಳಿಸುವ ಕಷ್ಟ ಇಲ್ಲ. ಪೆಟ್ರೋಲಿಗೆ ಮಾತ್ರ ತಯಾರಿರಿ. ಲೀಟರಿಗೆ ಮೂವತ್ತೈದು ಕಿಲೋಮೀಟರ್ ಅಂತ ಹಿಡಿದರೆ ಹೋಗಿ ಬರಲು ದಿನಕ್ಕೆ ಒಂದೂಕಾಲು ಲೀಟರ್. ಸ್ಪ್ಲೆಂಡರ್‌ಗಿಂತ ತಿಂಗಳಿಗೆ ಹನ್ನೆರಡು ಹದಿಮೂರು ಲೀಟರ್ ಜಾಸ್ತಿ ಆಗುತ್ತದೆ. ಇನ್ಶೂರೆನ್ಸಿಗೆ ಹೆದರುವವರು ಈ ಲೆಕ್ಕ ಹಾಕುವುದೇ ಇಲ್ಲ, ಅಲ್ವಾ? ವರ್ಷ ಪೂರ್ತಿ ನೋಡಿದರೆ ದೊಡ್ಡ ಖರ್ಚು ಇದೇ.

ಗದಗದಿಂದಲೂ ಹಾವೇರಿಯಿಂದಲೂ ಕೇಳುವವರಿದ್ದಾರೆ. ಅಲ್ಲಿಂದ ದಿನಾ ಹುಬ್ಬಳ್ಳಿಗೆ ಬೈಕಿನಲ್ಲಿ ಬರುವ ವಿಚಾರ ಬಿಟ್ಟುಬಿಡಿ, ರೈಲು ಹಿಡಿಯಿರಿ. ಊರೊಳಗಿನ ಓಡಾಟಕ್ಕೆ, ಹೊಲಕ್ಕೆ ಹೋಗಿ ಬರಲು ಅಂದರೆ ಮಾತು ಬೇರೆ. ಎರೆ ಮಣ್ಣಿನ ದಾರಿಯಲ್ಲಿ ಮಳೆಗಾಲದಲ್ಲಿ ಭಾರದ ಗಾಡಿ ಜಾರಿದರೆ ಒಬ್ಬರೇ ಎತ್ತುವುದು ಬಹಳ ಕಷ್ಟ. ಅವರಿಗೆ ನಾನು 350 ಕೂಡ ಹೇಳುವುದಿಲ್ಲ.

ಈಗ ಪಾಲಿಸಿಗೆ ಬರೋಣ. ಷೋರೂಮಿನವರು ಕೊಡುವ ಇನ್ಶೂರೆನ್ಸೇ ತಗೊಳ್ಳಬೇಕು ಅನ್ನುವ ನಿಯಮ ಇಲ್ಲ. ಬೇರೆ ಎರಡು ಮೂರು ಕಂಪನಿಯ ದರ ತೆಗೆಸಿಕೊಂಡು ಹೋಗಿ. ಹೊಸ ಗಾಡಿಗೆ ಕೊಡುವುದು ಐದು ವರ್ಷ ಥರ್ಡ್ ಪಾರ್ಟಿ, ಒಂದು ವರ್ಷ ಓನ್ ಡ್ಯಾಮೇಜ್. ದರ ಇಳಿಯುವುದು ಈ ಎರಡನೇ ಭಾಗದಲ್ಲಿ ಮಾತ್ರ. ಹಳೆಯ ಟಾರಿಫ್ ಪ್ರಕಾರ ನಮ್ಮ ಕಡೆ 150ರಿಂದ 350 ಸಿಸಿ ಹೊಸ ಗಾಡಿಗೆ ಅದರ ಐಡಿವಿಯ (ಪಾಲಿಸಿಯಲ್ಲಿ ಬರೆದ ಗಾಡಿಯ ಬೆಲೆ) 1.76 ಪರ್ಸೆಂಟ್. ಎರಡು ಲಕ್ಷಕ್ಕೆ 3,520 ರೂಪಾಯಿ ಆಯಿತು. ಕಂಪನಿಗಳು ಡಿಸ್ಕೌಂಟ್ ಕೊಡುವುದು ಇದರ ಮೇಲೆ.

ನಿಮ್ಮ ಹಳೆ ಗಾಡಿಯ ನೋ ಕ್ಲೇಮ್ ಬೋನಸ್ (ಎನ್‌ಸಿಬಿ) ಅನ್ನು ಬಿಟ್ಟುಕೊಡಬೇಡಿ. ಅದು ಗಾಡಿಯದ್ದಲ್ಲ, ನಿಮ್ಮದು. ಕ್ಲೇಮ್ ಮಾಡದೆ ಒಂದು ವರ್ಷ ಕಳೆದರೆ ಓನ್ ಡ್ಯಾಮೇಜ್ ದರದಲ್ಲಿ 20 ಪರ್ಸೆಂಟ್ ಡಿಸ್ಕೌಂಟ್, ಐದು ವರ್ಷಕ್ಕೆ 50. ಸ್ಪ್ಲೆಂಡರ್ ಮಾರುವಾಗ ಅದರ ಇನ್ಶೂರೆನ್ಸ್ ಕಂಪನಿಯಿಂದ ಎನ್‌ಸಿಬಿ ಪತ್ರ ತಗೊಂಡರೆ ಮೂರು ವರ್ಷದೊಳಗೆ ಹೊಸ ಬೈಕಿಗೆ ಹಚ್ಚಿಕೊಳ್ಳಬಹುದು. ಐದು ವರ್ಷದ ಬೋನಸ್ ಇದ್ದರೆ ಮೇಲಿನ 3,520 ಅರ್ಧಕ್ಕೆ ಇಳಿಯುತ್ತದೆ. ಆದರೆ ಹಳೆ ಗಾಡಿಗೆ ಬರೀ ಥರ್ಡ್ ಪಾರ್ಟಿ ಕಟ್ಟುತ್ತಾ ಬಂದಿದ್ದರೆ ಬೋನಸ್ ಇರುವುದಿಲ್ಲ. ಹಾಗೆಯೇ 15 ಲಕ್ಷದ ಪರ್ಸನಲ್ ಆಕ್ಸಿಡೆಂಟ್ ಕವರ್ ನಿಮ್ಮ ಹೆಸರಲ್ಲಿ ಮೊದಲೇ ಇದ್ದರೆ ಎರಡನೇ ಸಲ ದುಡ್ಡು ಕೊಡಬೇಕಿಲ್ಲ. ಬಾಯಿ ಬಿಟ್ಟು ಹೇಳಿ, ತೆಗೆಸಿ.

ಐಡಿವಿ ಇಳಿಸಿ "ನೋಡ್ರಿ ಎಷ್ಟು ಕಡಿಮೆ ಆತು" ಅನ್ನುವ ಏಜೆಂಟರ ಮಾತು ಕೇಳಬೇಡಿ. ಗಾಡಿ ಕಳುವಾದರೆ ಕೈಗೆ ಬರುವುದು ಆ ಐಡಿವಿಯೇ. ಝೀರೋ ಡೆಪ್ (ಸವಕಳಿ ಕಳೆಯದೆ ಭಾಗಗಳ ಬೆಲೆ ಕೊಡುವ ಕವರ್) ಅನ್ನೂ ಮೊದಲ ವರ್ಷಗಳಲ್ಲಿ ಬಿಡಬೇಡಿ. ಅದಿಲ್ಲದಿದ್ದರೆ ಪ್ಲಾಸ್ಟಿಕ್, ರಬ್ಬರ್ ಭಾಗಗಳ ಬೆಲೆಯಲ್ಲಿ ಅರ್ಧ ನಿಮ್ಮ ಜೇಬಿನಿಂದಲೇ ಹೋಗುತ್ತದೆ. ಹೊಸ ಗಾಡಿ ಬಿದ್ದಾಗ ಒಡೆಯುವುದು ಇಂಡಿಕೇಟರ್, ಪ್ಯಾನೆಲ್ ಥರದ್ದೇ ತಾನೇ?

ಎಲ್ಲಕ್ಕಿಂತ ಜಾಸ್ತಿ ನನಗೆ ಬೇಸರ ತರುವುದು ಎರಡನೇ ವರ್ಷದ ಕಥೆ. ನಮ್ಮ ಓಣಿಯ ಹುಡುಗನೊಬ್ಬ ಸಾಲ ಮಾಡಿ ಬೈಕ್ ತಗೊಂಡ. ಒಂದೂವರೆ ವರ್ಷಕ್ಕೆ ಕಳುವಾಯಿತು. ಪಾಲಿಸಿ ಹಿಡಿದು ನನ್ನ ಹತ್ತಿರ ಬಂದ. ಮೇಲೆ ದಪ್ಪ ಅಕ್ಷರದಲ್ಲಿ ಥರ್ಡ್ ಪಾರ್ಟಿ, ಐದು ವರ್ಷದ ದಿನಾಂಕ. ಅದರ ಕೆಳಗಿನ ಸಾಲಿನಲ್ಲಿ ಸಣ್ಣದಾಗಿ ಓನ್ ಡ್ಯಾಮೇಜ್, ಅದರ ದಿನಾಂಕ ಆರು ತಿಂಗಳ ಹಿಂದೆಯೇ ಮುಗಿದಿತ್ತು. "ಐದು ವರ್ಷದ್ದು ಐತಲ್ಲಣ್ಣ" ಅಂದ. ಥರ್ಡ್ ಪಾರ್ಟಿ ಅನ್ನುವುದು ನಿಮ್ಮ ಗಾಡಿಯಿಂದ ಬೇರೆಯವರಿಗೆ ಆದ ಹಾನಿಗೆ. ಕಳುವಿಗೆ ಅದರಿಂದ ಏನೂ ಬರುವುದಿಲ್ಲ. ಬೈಕ್ ಇಲ್ಲ, ಕಂತು ಮಾತ್ರ ಕಟ್ಟುತ್ತಿದ್ದಾನೆ. ದಯವಿಟ್ಟು ಗಾಡಿ ತಂದ ದಿನವೇ ಓನ್ ಡ್ಯಾಮೇಜ್ ಮುಗಿಯುವ ತಾರೀಖನ್ನು ಫೋನಿನಲ್ಲಿ ಹಾಕಿಕೊಳ್ಳಿ. ಮುಗಿದು 90 ದಿನ ದಾಟಿದರೆ ಬೋನಸ್ ಕೂಡ ಹೋಗುತ್ತದೆ.

ಸೆಕೆಂಡ್ ಹ್ಯಾಂಡ್ ತಗೊಳ್ಳಬಹುದಾ ಅಂದರೆ ಖಂಡಿತ ತಗೊಳ್ಳಿ, ಮೊದಲ ಗಾಡಿಗೆ ಅದು ಒಳ್ಳೆಯದೇ. ಸೈಲೆನ್ಸರ್ ಬದಲಾಯಿಸಿದ ಗಾಡಿ ಮಾತ್ರ ಬೇಡ, ದಂಡವೂ ಬೀಳುತ್ತದೆ, ಕ್ಲೇಮ್ ಮಾಡುವಾಗ ತಕರಾರೂ ಬರುತ್ತದೆ. ಆರ್‌ಸಿಯ ಜೊತೆ ಇನ್ಶೂರೆನ್ಸ್ ಕೂಡ ನಿಮ್ಮ ಹೆಸರಿಗೆ ಆಗಬೇಕು, ಅದಕ್ಕೆ 14 ದಿನದೊಳಗೆ ಅರ್ಜಿ ಕೊಡಿ. ಮಾರಿದವರ ನೋ ಕ್ಲೇಮ್ ಬೋನಸ್ ನಿಮಗೆ ಬರುವುದಿಲ್ಲ, ಆ ವ್ಯತ್ಯಾಸದ ದುಡ್ಡನ್ನು ಕಂಪನಿ ನಿಮ್ಮಿಂದ ಕೇಳುತ್ತದೆ. ಬೆಲೆ ಮಾತಾಡುವಾಗಲೇ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.